ಮಿನಿ ಟ್ರ್ಯಾಕ್ಟರ್‌ಗೆ ಉಪಕರಣ ಮುಂದೆ ಕಟ್ಟಬೇಕೋ, ಹಿಂದೆ ಕಟ್ಟಬೇಕೋ? ಹಂತ ಹಂತವಾಗಿ ತೀರ್ಮಾನಿಸುವ ಬಗೆ

ಮಿನಿ ಟ್ರ್ಯಾಕ್ಟರ್ ಕೊಂಡವರು ಮೊದಲ ಉಪಕರಣವನ್ನು ಸಾಮಾನ್ಯವಾಗಿ ಹಿಂದೆಯೇ ಕಟ್ಟುತ್ತಾರೆ. ಮಣ್ಣು ಸಡಿಲಿಸುವ ರೋಟವೇಟರೋ ಕಲ್ಟಿವೇಟರೋ ಬರುತ್ತದೆ, ಮೂರು ಪಿನ್ನು ಹಾಕಿದರೆ ಕೆಲಸ ಶುರು. ಗೊಂದಲ ಶುರುವಾಗುವುದು ಎರಡನೇ ಉಪಕರಣಕ್ಕೆ. ಹುಲ್ಲು ಕತ್ತರಿಸುವುದು ಮುಂದಿದ್ದರೆ ಚೆಂದ ಎಂದು ಒಬ್ಬರು ಹೇಳುತ್ತಾರೆ. ಮಣ್ಣು ತುಂಬಿ ಎತ್ತುವ ಬಕೆಟ್ ಇಲ್ಲದ ಟ್ರ್ಯಾಕ್ಟರ್ ಯಾಕೆ ಬೇಕು ಎಂದು ಇನ್ನೊಬ್ಬರು. ಮುಂದೆ ಭಾರ ಹೇರಿದರೆ ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ಹೋಗುತ್ತೆ ಎಂದು ಮತ್ತೊಬ್ಬರು. ಮೂವರ ಮಾತಿನಲ್ಲೂ ನಿಜ ಇದೆ, ಅದೇ ತೊಂದರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಟ್ರ್ಯಾಕ್ಟರ್‌ನ ಬಲ ಇರುವುದು ಹಿಂದೆ. ಹಿಂದೆ ಆಗುವ ಕೆಲಸವನ್ನು ಹಿಂದೆಯೇ ಮಾಡಿ. ಮುಂದೆ ಕಟ್ಟಲು ಒಂದು ಗಟ್ಟಿ ಕಾರಣ ಬೇಕು. ಆ ಕಾರಣ ಸಿಕ್ಕರೆ, ಹಿಂದೆ ಎಷ್ಟು ತೂಕ ಹಾಕಬೇಕು ಎಂಬ ಲೆಕ್ಕವೂ ಅದರ ಜೊತೆಗೇ ಬರಬೇಕು.

ಹಂತ 1: ನೆಲಕ್ಕೆ ಮೊದಲು ಮುಟ್ಟಬೇಕಾದ್ದು ಯಾವುದು?

ನಿಮ್ಮ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರಿಗೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಟೈರು ಹಾಯುವ ಮೊದಲೇ ಈ ಕೆಲಸ ಆಗಬೇಕಾ, ಅಥವಾ ಟೈರು ಹಾದ ಮೇಲೆ ಆಗಬೇಕಾ?

ಎತ್ತರದ ಹುಲ್ಲನ್ನು ನೋಡಿ. ಹಿಂದೆ ಕಟ್ಟಿದ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಬಳಿಗೆ ಬರುವಷ್ಟರಲ್ಲಿ ನಾಲ್ಕು ಟೈರುಗಳು ಹುಲ್ಲನ್ನು ಎರಡು ಪಟ್ಟಿಯಾಗಿ ಮಲಗಿಸಿರುತ್ತವೆ. ಬ್ಲೇಡು ಅದರ ಮೇಲೆ ತೇಲಿ ಹೋಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಆ ಪಟ್ಟಿಗಳು ಮೆಲ್ಲಗೆ ಎದ್ದು ನಿಲ್ಲುತ್ತವೆ, ನೀವು ಕತ್ತರಿಸೇ ಇಲ್ಲವೇನೋ ಎಂಬಂತೆ. ಒದ್ದೆ ಹುಲ್ಲಾದರೆ ಇನ್ನೂ ಜಾಸ್ತಿ. ಹಿಮ ಸರಿಸುವುದೂ ಇದೇ ಜಾತಿಯ ಕೆಲಸ. ಟೈರು ತುಳಿದ ಹಿಮ ಗಟ್ಟಿಯಾಗಿ ನೆಲಕ್ಕೆ ಅಂಟುತ್ತದೆ, ಆಮೇಲೆ ಅದನ್ನು ಕೆರೆಯುವುದು ಕಷ್ಟ. ರಸ್ತೆ ಗುಡಿಸುವ ಬ್ರಷ್ಷಿಗೂ ಇದೇ ಮಾತು. ಇವೆಲ್ಲ ಮುಂದೆ ಇರಬೇಕು ಎಂದು ಕೇಳುವ ಕೆಲಸಗಳು.

ಉಳುಮೆ ಇದಕ್ಕೆ ಪೂರ್ತಿ ತಿರುಗಾ ಮುರುಗಾ. ಹದ ಮಾಡಿದ ಮಣ್ಣಿನ ಮೇಲೆ ಟೈರು ಓಡಿಸಿದರೆ ಮಾಡಿದ ಕೆಲಸವೇ ಹಾಳು. ರೋಟವೇಟರ್, ಕುಂಟೆ, ಬೀಜ ಬಿತ್ತುವ ಯಂತ್ರ, ನೆಲ ಸಮ ಮಾಡುವ ಬ್ಲೇಡು ಇವೆಲ್ಲ ಟೈರಿನ ಗುರುತನ್ನು ಅಳಿಸಿಕೊಂಡೇ ಬರಬೇಕು. ಇವುಗಳ ಜಾಗ ಹಿಂದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಎರಡಕ್ಕೂ ಸೇರದ ಕೆಲಸಗಳು ಉಳಿಯುತ್ತವೆ: ಎತ್ತುವುದು, ಸಾಗಿಸುವುದು, ಗುಂಡಿ ತೋಡುವುದು, ಸಿಂಪಡಣೆ. ಇವನ್ನು ಮುಂದಿನ ಹಂತಗಳು ತೀರ್ಮಾನ ಮಾಡುತ್ತವೆ.

ಹಂತ 2: ನಿಮ್ಮ ಟ್ರ್ಯಾಕ್ಟರ್‌ನ ಎರಡೂ ತುದಿಯಲ್ಲಿ ಏನಿದೆ ನೋಡಿ

ಹಿಂದೆ ಉಪಕರಣ ಕಟ್ಟಲು ಮೂರು ಬಿಂದುವಿನ ಹಿಚ್ ಇರುತ್ತದೆ. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್. ಈ ಜೋಡಣೆಯನ್ನು ಹ್ಯಾರಿ ಫರ್ಗುಸನ್ ರೂಪಿಸಿದ. 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್‌ನೊಂದಿಗೆ ಅದು ದೊಡ್ಡ ಪ್ರಮಾಣದಲ್ಲಿ ರೈತರ ಕೈಗೆ ಬಂತು. ಅಂದಿನಿಂದ ಇಂದಿನವರೆಗೆ ಮೂಲ ಆಕಾರ ಬದಲಾಗಿಲ್ಲ. ಬದಲಾಗದಿರಲು ಕಾರಣ ಇದೆ. ನೇಗಿಲು ಮಣ್ಣಿನಲ್ಲಿ ಎಳೆದುಕೊಂಡು ಬರುವಾಗ ಹುಟ್ಟುವ ಬಲದ ಒಂದು ಪಾಲು ಹಿಂದಿನ ಟೈರುಗಳನ್ನು ನೆಲಕ್ಕೆ ಒತ್ತುತ್ತದೆ. ಅಂದರೆ ಕೆಲಸ ಭಾರವಾದಷ್ಟೂ ಟೈರಿನ ಹಿಡಿತ ಬಿಗಿಯಾಗುತ್ತದೆ. ಹಗುರವಾದ ಮಿನಿ ಟ್ರ್ಯಾಕ್ಟರ್ ತನ್ನ ತೂಕಕ್ಕೆ ಮೀರಿದ ಕೆಲಸ ಮಾಡುವ ಗುಟ್ಟು ಇದೇ. ನೇಗಿಲನ್ನು ಮುಂದೆ ಕಟ್ಟಿ ನೂಕಿದರೆ ಈ ಲಾಭ ಸಿಗುವುದಿಲ್ಲ.

ಹಿಚ್‌ಗೆ ದರ್ಜೆ ಇರುತ್ತದೆ. ತೀರಾ ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ಕ್ಯಾಟಗರಿ 0, ಅದರಲ್ಲಿ ಎಲ್ಲ ಪಿನ್ನುಗಳೂ ಸುಮಾರು 16 ಮಿಮೀ ದಪ್ಪ. ಹೆಚ್ಚಿನ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಕ್ಯಾಟಗರಿ 1. ಕೆಳಗಿನ ಪಿನ್ನು ಸುಮಾರು 22 ಮಿಮೀ, ಮೇಲಿನದು 19 ಮಿಮೀ. ಕಡಿಮೆ ಅಗಲದ 1ಎನ್ ಎಂಬುದೂ ಇದೆ. ಪಿನ್ನಿನ ದಪ್ಪ ಒಂದೇ ಆದರೂ ತೋಳುಗಳ ನಡುವಿನ ಅಂತರ ಬೇರೆ. ಉಪಕರಣ ಕೊಳ್ಳುವ ಮುಂಚೆ ಟೇಪು ಹಿಡಿದು ಅಳತೆ ತೆಗೆಯಿರಿ. ಪಿನ್ನು ಸಣ್ಣದಾದರೆ ಅದರ ಮೇಲೆ ಕೊಳವೆಯಂಥ ಬುಷ್ ಹಾಕಿ ಸರಿ ಮಾಡಬಹುದು, ಅಗಲ ಹೊಂದದಿದ್ದರೆ ಅಷ್ಟು ಸುಲಭ ಅಲ್ಲ.

ಪಿಟಿಒ ಎಂದರೆ ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಕೊಡುವ, ತಿರುಗುವ ಶಾಫ್ಟು. ಹಿಂದಿನದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, 35 ಮಿಮೀ ದಪ್ಪದ ಆರು ಹಲ್ಲಿನ ಶಾಫ್ಟ್. ಇದು ಜಗತ್ತಿನಾದ್ಯಂತ ಬಹುಪಾಲು ಒಂದೇ ಇರುವುದರಿಂದ ಒಬ್ಬರ ಟ್ರ್ಯಾಕ್ಟರ್‌ಗೆ ಇನ್ನೊಬ್ಬರ ರೋಟವೇಟರ್ ಕೂರುತ್ತದೆ.

ಮುಂದೆ ಈ ಶಿಸ್ತು ಇಲ್ಲ. ಮುಂದೆ ಏನಾದರೂ ಕಟ್ಟಬೇಕೆಂದರೆ ಮೂರು ದಾರಿ. ಒಂದು, ಲೋಡರ್, ಅಂದರೆ ಬಕೆಟ್ ಎತ್ತಿ ಇಳಿಸುವ ತೋಳುಗಳು. ಎರಡು, ಮುಂದಿನ ಮೂರು ಬಿಂದುವಿನ ಹಿಚ್. ಮೂರು, ಒಂದೇ ಉಪಕರಣಕ್ಕೆಂದು ಮಾಡಿದ ಫ್ರೇಮು. ತಿರುಗುವ ಉಪಕರಣವಾದರೆ ಮುಂದೆ ಪಿಟಿಒ ಕೂಡ ಬೇಕು. ಆ ಪಿಟಿಒ ಕೆಲವು ಮಾದರಿಗಳಲ್ಲಿ 1000 ಸುತ್ತು, ಟ್ರ್ಯಾಕ್ಟರ್‌ನ ಹೊಟ್ಟೆಯಡಿಯ ನಡು ಪಿಟಿಒದಿಂದ ಎಳೆದುಕೊಂಡರೆ ಸುಮಾರು 2000 ಸುತ್ತು. ತಿರುಗುವ ದಿಕ್ಕೂ ಕಂಪನಿಯಿಂದ ಕಂಪನಿಗೆ ಬೇರೆ. ದಿಕ್ಕು ನೋಡದೆ ಮೋವರ್ ತಂದರೆ ಬ್ಲೇಡಿನ ಮೊಂಡು ಬದಿ ಹುಲ್ಲಿಗೆ ಹೊಡೆಯುತ್ತದೆ. ಆದ್ದರಿಂದ ಮುಂದೆ ಕಟ್ಟುವ ಉಪಕರಣ ಕೊಳ್ಳುವಾಗ ವೇಗ, ದಿಕ್ಕು, ಶಾಫ್ಟಿನ ಅಳತೆ ಮೂರನ್ನೂ ಬರೆದುಕೊಂಡು ಹೋಗಿ.

ಹೈಡ್ರಾಲಿಕ್‌ನಲ್ಲೂ ವ್ಯತ್ಯಾಸ ಇದೆ. ಹಿಂದಿನ ಲಿಫ್ಟು ಎತ್ತುತ್ತದೆ, ಇಳಿಸುವ ಕೆಲಸ ತೂಕದ್ದು. ನೆಲಕ್ಕೆ ಒತ್ತುವ ಬಲ ಸಾಮಾನ್ಯವಾಗಿ ಅದಕ್ಕಿಲ್ಲ. ಹಾಗಾಗಿ ಉಪಕರಣ ತಾನಾಗಿಯೇ ನೆಲದ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ. ಲೋಡರ್ ಎತ್ತುವುದೂ ಉಂಟು, ಒತ್ತುವುದೂ ಉಂಟು. ಮುಂದೆ ಬ್ಲೇಡು ಅಥವಾ ಮೋವರ್ ಕಟ್ಟುವವರು ವಾಲ್ವಿನಲ್ಲಿ ಫ್ಲೋಟ್ ಸ್ಥಾನ (ಉಪಕರಣವನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಸಡಿಲ ಬಿಡುವುದು) ಇದೆಯಾ ಎಂದು ಖಂಡಿತ ನೋಡಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಉಬ್ಬು ಹತ್ತಿದಾಗ ಬ್ಲೇಡು ಗಾಳಿಯಲ್ಲಿ, ತಗ್ಗಿಗೆ ಇಳಿದಾಗ ಬ್ಲೇಡು ಮಣ್ಣೊಳಗೆ.

ಹಂತ 3: ತೂಕದ ಲೆಕ್ಕ ಹಾಕಿ

ಈ ಹಂತವನ್ನು ಹಾರಿಸಿ ಹೋಗುವವರೇ ಜಾಸ್ತಿ. ಗಣಿತ ಕಷ್ಟದ್ದೇನೂ ಅಲ್ಲ, ಗುಣಾಕಾರ ಭಾಗಾಕಾರ ಅಷ್ಟೇ. ಟ್ರ್ಯಾಕ್ಟರ್ ಒಂದು ತಕ್ಕಡಿಯ ಹಾಗೆ. ಹಿಂದಿನ ಆಕ್ಸಲ್‌ನ ಹಿಂದೆ ಭಾರ ತೂಗುಹಾಕಿದರೆ ಮುಂದಿನ ಆಕ್ಸಲ್ ಹಗುರವಾಗುತ್ತದೆ. ಮುಂದಿನ ಆಕ್ಸಲ್‌ನ ಮುಂದೆ ಹಾಕಿದರೆ ಹಿಂದಿನದು ಹಗುರವಾಗುತ್ತದೆ.

ಉದಾಹರಣೆಗೆ, 1000 ಕೆಜಿ ತೂಕದ ಟ್ರ್ಯಾಕ್ಟರ್ ತೆಗೆದುಕೊಳ್ಳಿ. ಎರಡು ಆಕ್ಸಲ್‌ಗಳ ನಡುವೆ 1.6 ಮೀಟರ್. ಮುಂದೆ 400 ಕೆಜಿ, ಹಿಂದೆ 600 ಕೆಜಿ. ಹಿಂದೆ 280 ಕೆಜಿಯ ರೋಟವೇಟರ್ ಕಟ್ಟಿ ಎತ್ತಿದಿರಿ. ಅದರ ತೂಕದ ಕೇಂದ್ರ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ದೂರ.

280 × 1.2 ÷ 1.6 = 210 ಕೆಜಿ.

ಮುಂದಿನ ಆಕ್ಸಲ್‌ನಿಂದ ಇಷ್ಟು ತೂಕ ಮಾಯ. ಉಳಿದದ್ದು 190 ಕೆಜಿ. ಟ್ರ್ಯಾಕ್ಟರ್‌ನ ಖಾಲಿ ತೂಕದ ಕನಿಷ್ಠ ಶೇಕಡಾ 20ರಷ್ಟಾದರೂ ಮುಂದಿನ ಚಕ್ರಗಳ ಮೇಲೆ ಇರಬೇಕು ಎಂಬುದು ಚಾಲ್ತಿಯಲ್ಲಿರುವ ನಿಯಮ. ಇಲ್ಲಿ ಅದು 200 ಕೆಜಿ. ಅಂದರೆ ಈ ಟ್ರ್ಯಾಕ್ಟರ್ ಆ ಗೆರೆ ದಾಟಿ ಕೆಳಗೆ ಇಳಿದಿದೆ. ಸ್ಟೇರಿಂಗ್ ಹಗುರವಾಗುತ್ತದೆ, ತಿರುಗಿಸಿದರೆ ಮೂತಿ ಸ್ವಲ್ಪ ತಡವಾಗಿ ತಿರುಗುತ್ತದೆ. ಏರು ಹತ್ತುವಾಗ ಕ್ಲಚ್ಚು ದಢಕ್ಕನೆ ಬಿಟ್ಟರೆ ಮುಂದಿನ ಚಕ್ರಗಳು ನೆಲ ಬಿಡುತ್ತವೆ.

ಪರಿಹಾರ ಸುಲಭ. ಮುಂದಿನ ಆಕ್ಸಲ್‌ಗಿಂತ 0.6 ಮೀಟರ್ ಮುಂದೆ 60 ಕೆಜಿಯ ತೂಕದ ಬಿಲ್ಲೆಗಳನ್ನು ಹಾಕಿ.

60 × (1.6 + 0.6) ÷ 1.6 = 82.5 ಕೆಜಿ.

60 ಕೆಜಿ ಹಾಕಿದ್ದಕ್ಕೆ 82 ಕೆಜಿಯಷ್ಟು ಫಲ ಸಿಕ್ಕಿತು, ಅಲ್ವಾ? ದೂರ ಹಾಕಿದಷ್ಟೂ ಲಾಭ. ಮುಂದಿನ ಆಕ್ಸಲ್ ಮೇಲೆ ಈಗ 270 ಕೆಜಿ ದಾಟಿತು.

ಈಗ ಅದೇ ಟ್ರ್ಯಾಕ್ಟರ್‌ನ ಮುಂದೆ ಭಾರ ಹಾಕೋಣ. ಲೋಡರ್ ತೋಳುಗಳ ತೂಕ ಸದ್ಯಕ್ಕೆ ಬಿಡಿ. ಬಕೆಟ್ ಮತ್ತು ಮಣ್ಣು ಸೇರಿ 300 ಕೆಜಿ, ಮುಂದಿನ ಆಕ್ಸಲ್‌ನಿಂದ 1 ಮೀಟರ್ ಮುಂದೆ.

300 × 1 ÷ 1.6 = 187.5 ಕೆಜಿ.

ಹಿಂದಿನ ಆಕ್ಸಲ್ 600ರಿಂದ ಸುಮಾರು 412ಕ್ಕೆ ಇಳಿಯಿತು. ಮುಂದಿನದು 400ರಿಂದ ಸುಮಾರು 887ಕ್ಕೆ ಏರಿತು. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಇದು ನಿಂತಲ್ಲೇ ನಿಂತಾಗಿನ ಲೆಕ್ಕ. ಗುಂಡಿಗೆ ಇಳಿದಾಗ ಬೀಳುವ ಪೆಟ್ಟು ಇದಕ್ಕಿಂತ ಬಹಳ ಜಾಸ್ತಿ. ನಾಲ್ಕು ಚಕ್ರ ಓಡುವ ಟ್ರ್ಯಾಕ್ಟರ್‌ನಲ್ಲಿ ಮುಂದಿನ ಆಕ್ಸಲ್‌ನೊಳಗೆ ಗೇರುಗಳು, ಸೀಲುಗಳು ಇರುತ್ತವೆ. ಅಲ್ಲಿ ಸೋರಿಕೆ ಕಂಡಾಗ ಸೀಲನ್ನು ಬೈಯುವ ಮೊದಲು ಬಕೆಟ್‌ನಲ್ಲಿ ಎಷ್ಟು ತುಂಬುತ್ತಿದ್ದೆವು ಎಂದು ಕೇಳಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಹಳಬರಿಗೂ ಕೆಲವೊಮ್ಮೆ ತಪ್ಪಿಹೋಗುತ್ತದೆ. ಹಿಂದೆ ತೂಕ ಹಾಕಲು ಎರಡು ದಾರಿ: ಹಿಂದಿನ ಟೈರುಗಳಿಗೆ ನೀರು ತುಂಬುವುದು, ಅಥವಾ ಹಿಚ್‌ಗೆ ತೂಕದ ಪೆಟ್ಟಿಗೆ ತೂಗುಹಾಕುವುದು. ಟೈರಿಗೆ 200 ಕೆಜಿ ತುಂಬಿದರೆ ಹಿಂದಿನ ಆಕ್ಸಲ್ ಸಾಲಿನಲ್ಲಿ 200 ಕೆಜಿ ಸೇರುತ್ತದೆ. ಮುಂದಿನ 887 ಹಾಗೇ ಇರುತ್ತದೆ. ಅದೇ 200 ಕೆಜಿಯನ್ನು ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದೆ ತೂಗುಹಾಕಿದರೆ ಹಿಂದೆ 325 ಕೆಜಿ ಏರುತ್ತದೆ, ಮುಂದೆ 125 ಕೆಜಿ ಇಳಿಯುತ್ತದೆ. ಈಗ ಮುಂದೆ ಸುಮಾರು 762, ಹಿಂದೆ 737. ಟೈರಿನ ನೀರು ಹಿಡಿತ ಕೊಡುತ್ತದೆ, ಸ್ಥಿರತೆ ಕೊಡುತ್ತದೆ, ಆದರೆ ಮುಂದಿನ ಆಕ್ಸಲ್‌ಗೆ ಅದರಿಂದ ಬಿಡುವು ಸಿಗುವುದಿಲ್ಲ. ಲೋಡರ್ ಕೆಲಸ ಮಾಡುವವರಿಗೆ ತೂಗುಹಾಕುವ ಪೆಟ್ಟಿಗೆ ಬೇಕೇ ಬೇಕು. ಬೇರೆ ಪೆಟ್ಟಿಗೆ ಇಲ್ಲದಿದ್ದರೆ ಹಿಂದಿನ ಭಾರದ ಉಪಕರಣವನ್ನೇ ಕಟ್ಟಿಟ್ಟುಕೊಳ್ಳಬಹುದು.

ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಟ್ರ್ಯಾಕ್ಟರ್‌ನದ್ದು ಬೇಕೆಂದರೆ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ತೂಕದ ಹಲಗೆಯ ಮೇಲೆ ನಿಲ್ಲಿಸಿ ತೂಗಿಸಿ. ಆಮೇಲೆ ಉಪಕರಣ ಎತ್ತಿ ಹಿಡಿದು ಮತ್ತೆ ತೂಗಿಸಿ. ಎರಡು ಚೀಟಿ ಕೈಗೆ ಬಂದರೆ ಯಾರ ಸಲಹೆಯೂ ಬೇಡ. ಮುಂದಿನ ಆಕ್ಸಲ್ ತಡೆಯುವ ಗರಿಷ್ಠ ತೂಕ ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿ ಇರುತ್ತದೆ, ಅದರ ಜೊತೆ ಹೋಲಿಸಿ.

ಲಿಫ್ಟಿನ ಸಾಮರ್ಥ್ಯ ಓದುವಾಗಲೂ ಎಚ್ಚರ. ಕೆಲವರು ತೋಳಿನ ತುದಿಯಲ್ಲಿ ಎತ್ತುವ ತೂಕ ಹೇಳುತ್ತಾರೆ, ಕೆಲವರು ತುದಿಯಿಂದ 610 ಮಿಮೀ ಹಿಂದೆ ಎತ್ತುವ ತೂಕ. ಎರಡನೆಯದು ಚಿಕ್ಕ ಅಂಕಿ, ಅದೇ ನಿಜಕ್ಕೆ ಹತ್ತಿರ. ಬೇಗ ಕಟ್ಟಲು ನಡುವೆ ಕ್ವಿಕ್ ಹಿಚ್ ಹಾಕಿದರೆ ಉಪಕರಣ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ, ಸಾಮರ್ಥ್ಯ ಇನ್ನೂ ಇಳಿಯುತ್ತದೆ.

ಹಂತ 4: ಒಂದೊಂದು ಕೆಲಸಕ್ಕೂ ಜಾಗ ಗೊತ್ತು ಮಾಡಿ

ಹುಲ್ಲು ಮತ್ತು ಪೊದೆ. ಅಂಗಳದ ಗಿಡ್ಡ ಹುಲ್ಲಿಗೆ ಹೊಟ್ಟೆಯಡಿಯ ಮೋವರ್ ಸಾಕು. ಮರಗಳ ಬುಡ, ಬೇಲಿಯ ಅಂಚು, ಮೂಲೆ ಜಾಸ್ತಿ ಇದ್ದರೆ ಮುಂದಿನ ಮೋವರ್ ಗೆಲ್ಲುತ್ತದೆ. ಮೂತಿಯನ್ನು ಕೊಂಬೆಯ ಕೆಳಗೆ ತೂರಿಸಿ ಹಿಂದಕ್ಕೆ ಬರಬಹುದು, ನಿಮ್ಮ ತಲೆ ಹೊರಗೇ ಇರುತ್ತದೆ. ದಪ್ಪ ಪೊದೆ, ಕುರುಚಲು ಗಿಡ ಇದ್ದ ಬಯಲಿಗೆ ಹಿಂದಿನ ರೋಟರಿ ಕಟ್ಟರ್ ವಾಸಿ. ಗಟ್ಟಿಮುಟ್ಟು, ಸರಳ, ಹಿಂದಿನ ಪಿಟಿಒ ಅದಕ್ಕೆ ಬೇಕಾದ ಬಲ ಕೊಡುತ್ತದೆ. ಆದರೆ ಆ ಭಾರದ ಬ್ಲೇಡುಗಳು ಒಮ್ಮೆ ತಿರುಗಿದರೆ ಬೇಗ ನಿಲ್ಲುವುದಿಲ್ಲ. ಪಿಟಿಒಗೆ ಬೇರೆ ಕ್ಲಚ್ ಇಲ್ಲದ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ, ನೀವು ಕ್ಲಚ್ ಒತ್ತಿದರೂ ಬ್ಲೇಡಿನ ಓಟವೇ ಗೇರ್‌ಬಾಕ್ಸ್ ಮೂಲಕ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಅಂಥದ್ದಕ್ಕೆ ಒಂದೇ ದಿಕ್ಕಿಗೆ ಬಲ ಕೊಡುವ ಓವರ್‌ರನ್ನಿಂಗ್ ಕ್ಲಚ್ ಹಾಕಿಸಲೇಬೇಕು.

ಮಣ್ಣು ಸರಿಸುವುದು ಮತ್ತು ಸಮ ಮಾಡುವುದು. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಬಕೆಟ್‌ಗಳು ಹಾಳಾಗುತ್ತವೆ. ಸಡಿಲ ಮಣ್ಣಿನ ರಾಶಿಯನ್ನು ತುಂಬಿ ಸಾಗಿಸಲು ಬಕೆಟ್ ಸರಿ. ಗಟ್ಟಿ ನೆಲ ಕೆರೆಯಲು ಅದು ಮಾಡಿದ್ದಲ್ಲ. ಬಕೆಟ್‌ನ ಒಂದು ಮೂಲೆಯಲ್ಲಿ ಬೇರು ಸಿಕ್ಕಿಸಿ ನೂಕಿದರೆ ಲೋಡರ್ ತೋಳು ತಿರುಚಿಕೊಳ್ಳುತ್ತದೆ. ಬಕೆಟ್ ಪೂರ್ತಿ ಕೆಳಕ್ಕೆ ಮಗುಚಿಟ್ಟು ಹಿಂದಕ್ಕೆ ಎಳೆದು ನೆಲ ಸವರುವ ಚಾಳಿಯೂ ಇದೆ. ಆಗ ಮಗುಚುವ ಸಿಲಿಂಡರ್‌ನ ರಾಡುಗಳು ಪೂರ್ತಿ ಹೊರಗೆ ಬಂದಿರುತ್ತವೆ, ಒಂದು ಕಲ್ಲು ಸಿಕ್ಕರೆ ಬಾಗುತ್ತವೆ. ಕೆರೆದು ಸಮ ಮಾಡಲು ಹಿಂದಿನ ಬಾಕ್ಸ್ ಬ್ಲೇಡ್ ಇದೆ. ಅದರ ಹಲ್ಲುಗಳು ಗಟ್ಟಿ ಮಣ್ಣು ಕೀಳುತ್ತವೆ, ಪೆಟ್ಟಿಗೆ ಮಣ್ಣನ್ನು ಹಿಡಿದು ತಗ್ಗಿಗೆ ಸುರಿಯುತ್ತದೆ.

ಬಾಕ್ಸ್ ಬ್ಲೇಡ್‌ಗೂ ಒಂದು ಚೇಷ್ಟೆ ಇದೆ. ಮುಂದಿನ ಚಕ್ರ ಉಬ್ಬು ಹತ್ತಿದಾಗ ಹಿಂದಿನ ಬ್ಲೇಡು ಕೆಳಗೆ ಕೂರುತ್ತದೆ, ಚಕ್ರ ತಗ್ಗಿಗೆ ಇಳಿದಾಗ ಬ್ಲೇಡು ಮೇಲೇಳುತ್ತದೆ. ಗಿಡ್ಡ ಟ್ರ್ಯಾಕ್ಟರ್‌ನಲ್ಲಿ ಇದು ಜಾಸ್ತಿ ಕಾಣುತ್ತದೆ. ಹಾಗಾಗಿ ನೀವು ಸಮ ಮಾಡಲು ಹೊರಟ ರಸ್ತೆಯಲ್ಲಿ ಅಲೆ ಅಲೆಯಾಗಿ ಹೊಸ ಏರಿಳಿತ ಹುಟ್ಟುತ್ತದೆ. ಟಾಪ್ ಲಿಂಕ್ ಸ್ವಲ್ಪ ಉದ್ದ ಮಾಡಿ ಬ್ಲೇಡಿನ ಹಿಂಬದಿ ನೆಲಕ್ಕೆ ಕೂರುವಂತೆ ಮಾಡಿದರೆ ಕೆರೆಯುವುದು ಕಡಿಮೆಯಾಗಿ ಸವರುವುದು ಜಾಸ್ತಿಯಾಗುತ್ತದೆ. ಅಡ್ಡಡ್ಡವಾಗಿಯೂ ಒಂದು ಸುತ್ತು ಓಡಿಸಿ.

ಒಂದು ಮಾತು ನೆನಪಿಡಿ: ಹಿಂದಿನ ತೋಳುಗಳು ಎಳೆಯಲು ಇರುವವು. ಹಿಂದಿನ ಬ್ಲೇಡನ್ನು ರಿವರ್ಸ್‌ನಲ್ಲಿ ರಾಶಿಗೆ ಗುದ್ದಿದರೆ ತೋಳು ಬಾಗಬಹುದು.

ಎತ್ತುವುದು. ತಲೆಗಿಂತ ಎತ್ತರಕ್ಕೆ ಎತ್ತಿ ಟ್ರಾಲಿಗೆ ಸುರಿಯಬೇಕು ಎಂದರೆ ಲೋಡರ್ ಬಿಟ್ಟರೆ ಬೇರೆ ಗತಿ ಇಲ್ಲ. ಭಾರವಾದ ಪ್ಯಾಲೆಟ್ಟನ್ನು ನೆಲದಿಂದ ಮೊಣಕಾಲಿನಷ್ಟು ಎತ್ತಿ ಇನ್ನೊಂದು ಕಡೆ ಇಟ್ಟರೆ ಸಾಕು ಎಂದರೆ ಹಿಂದಿನ ಹಿಚ್‌ಗೆ ಕಟ್ಟುವ ಫೋರ್ಕ್ ನೋಡಿ. ಅನೇಕ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಹಿಂದಿನ ಲಿಫ್ಟು ಲೋಡರ್‌ಗಿಂತ ಹೆಚ್ಚು ತೂಕ ಎತ್ತುತ್ತದೆ, ಆ ಭಾರ ಗಟ್ಟಿಯಾದ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಇದನ್ನು ಯಾಕೋ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಿಮ. ತೆಳು ಹಿಮಕ್ಕೆ ಮುಂದಿನ ಬ್ಲೇಡು. ಓರೆಯಾಗಿ ಇಟ್ಟ ಬ್ಲೇಡು ಮೂತಿಯನ್ನು ಒಂದು ಬದಿಗೆ ನೂಕುತ್ತದೆ, ಜಾರುವ ನೆಲದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬದಿಯಲ್ಲಿ ರಾಶಿ ಹಾಕಲು ಜಾಗ ಇಲ್ಲದಿದ್ದರೆ ಹಿಮ ಎಸೆಯುವ ಬ್ಲೋವರ್ ಬೇಕು. ಹಿಂದಿನ ಬ್ಲೋವರ್‌ನ ಜೋಡಣೆ ಸರಳ, ಆದರೆ ಇಡೀ ಕೆಲಸ ರಿವರ್ಸ್‌ನಲ್ಲಿ ಮಾಡಬೇಕು.

ಗುಂಡಿ ತೋಡುವುದು ಹಿಂದಿನ ಪಿಟಿಒದಿಂದ ಅಗ್ಗದಲ್ಲಿ ಆಗುತ್ತದೆ. ಮುಂದೆ ಹೈಡ್ರಾಲಿಕ್ ಆಗರ್ (ನೆಲ ಕೊರೆಯುವ ತಿರುಪು) ಇದ್ದರೆ ತುದಿ ಕಣ್ಣಿಗೆ ಕಾಣುತ್ತದೆ, ಬೇರಿಗೆ ಸಿಕ್ಕಿಕೊಂಡರೆ ಉಲ್ಟಾ ತಿರುಗಿಸಬಹುದು. ಅಪರೂಪಕ್ಕೊಮ್ಮೆ ಗುಂಡಿ ತೋಡುವವರಿಗೆ ಹಿಂದಿನದು ಸಾಕು. ಸಿಂಪಡಣೆಯ ಟ್ಯಾಂಕು ಹಿಂದೆ, ಗೊಬ್ಬರ ಎರಚುವುದೂ ಹಿಂದೆ.

ಹಂತ 5: ಕುತ್ತಿಗೆ ಮತ್ತು ತಿರುಗುವ ಜಾಗ

ಉಪಕರಣ ಹಿಂದಿದ್ದರೆ ಒಂದು ಕಣ್ಣು ಸಾಲಿನ ಮೇಲೆ, ಇನ್ನೊಂದು ಹಿಂದೆ. ದಿನದ ಬಹುಪಾಲು ಸೊಂಟ ತಿರುಚಿ ಕೂರುವ ಕೆಲಸವಾದರೆ ಮುಂದೆ ಕಟ್ಟುವುದಕ್ಕೆ ಇದೇ ಗಟ್ಟಿ ಕಾರಣ ಆಗಬಹುದು. ಆಗೊಮ್ಮೆ ಈಗೊಮ್ಮೆ ಮಾತ್ರ ಹಿಂದೆ ನೋಡಬೇಕೆಂದರೆ ಕನ್ನಡಿಯೇ ಸಾಕು.

ತಿರುಗುವಾಗ ಹಿಂದಿನ ಉಪಕರಣದ ಬಾಲ ಹೊರಕ್ಕೆ ಬೀಸುತ್ತದೆ. ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ. ಗೋಡೆಯ ಪಕ್ಕ ಓಡಿಸುವವರು ಇದನ್ನು ಒಮ್ಮೆ ಮರೆತರೂ ಗೋಡೆಗೆ ಗೀರು ಗ್ಯಾರಂಟಿ. ಮುಂದಿನ ಉಪಕರಣ ಟ್ರ್ಯಾಕ್ಟರನ್ನೇ ಉದ್ದ ಮಾಡುತ್ತದೆ, ಸಾಲಿನ ಕೊನೆಯಲ್ಲಿ ತಿರುಗಲು ಹೆಚ್ಚು ಜಾಗ ಬೇಕು. ರಸ್ತೆಯಲ್ಲಿ ಹೋಗುವಾಗ ಎತ್ತಿದ ಬಕೆಟ್ ಎದುರಿನ ನೋಟವನ್ನೇ ಮುಚ್ಚುತ್ತದೆ. ಶೆಡ್ಡಿನ ಬಾಗಿಲು, ಸಾಲಿನ ಕೊನೆಯ ಜಾಗ ಎರಡನ್ನೂ ಅಳೆದು ಆಮೇಲೆ ತೀರ್ಮಾನಿಸಿ.

ಹಂತ 6: ಕಟ್ಟುವ ಕ್ರಮ ಮತ್ತು ಮೊದಲ ಪರೀಕ್ಷೆ

ಸಮ ನೆಲದಲ್ಲಿ ನಿಲ್ಲಿಸಿ. ಹಿಂದಕ್ಕೆ ಬರುವಾಗ ಉಪಕರಣಕ್ಕೂ ಟ್ರ್ಯಾಕ್ಟರ್‌ಗೂ ನಡುವೆ ಯಾರೂ ನಿಲ್ಲಬಾರದು, ಸಹಾಯ ಮಾಡಲು ಬಂದವರೂ ಕೂಡ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ ಇಳಿಯಿರಿ.

ಎಡ ತೋಳು ಮೊದಲು. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಬಲ ತೋಳಿಗೆ ಎತ್ತರ ಹೊಂದಿಸುವ ತಿರುಪು ಇರುತ್ತದೆ, ಆದ್ದರಿಂದ ಅದನ್ನು ಆಮೇಲೆ ಹೊಂದಿಸಿಕೊಂಡು ಕೂರಿಸುವುದು ಸುಲಭ. ಕೊನೆಗೆ ಟಾಪ್ ಲಿಂಕ್. ಪ್ರತಿ ಪಿನ್ನಿಗೂ ಅದು ಜಾರದಂತೆ ತಡೆಯುವ ಲಿಂಚ್ ಪಿನ್ ಹಾಕಿ, ಅದರ ಉಂಗುರ ಟಪ್ಪೆಂದು ಮಡಚಿ ಕೂತಿದ್ದನ್ನು ಕೈಯಿಂದ ಮುಟ್ಟಿ ನೋಡಿ. ಮೊಳೆ ಬಗ್ಗಿಸಿ ಹಾಕುವ ಚಾಲಾಕಿತನ ಬೇಡ. ಅಕ್ಕಪಕ್ಕ ಅಲುಗದಂತೆ ಚೈನುಗಳನ್ನು ಬಿಗಿ ಮಾಡಿ. ರೋಟವೇಟರ್‌ಗೆ ಬಿಗಿ ಜಾಸ್ತಿ, ನೇಗಿಲಿಗೆ ಸ್ವಲ್ಪ ಸಡಿಲ.

ಪಿಟಿಒ ಶಾಫ್ಟಿನ ಉದ್ದ ನೋಡಿ. ಕೆಲಸದ ಸ್ಥಾನದಲ್ಲಿ ಒಳಗಿನ ಕೊಳವೆ ಹೊರಗಿನದರೊಳಗೆ ಕನಿಷ್ಠ ಮೂರನೇ ಒಂದು ಭಾಗವಾದರೂ ಇರಬೇಕು. ಹಾಗೇ, ಉಪಕರಣ ಎತ್ತಿ ಇಳಿಸುವಾಗ ಎಲ್ಲೂ ತುದಿ ಮುಟ್ಟಿ ಒತ್ತಬಾರದು. ಉದ್ದ ಜಾಸ್ತಿ ಇದ್ದರೆ ಎತ್ತಿದ ಕೂಡಲೇ ಶಾಫ್ಟು ಪಿಟಿಒ ಬೇರಿಂಗನ್ನೇ ಒಳಕ್ಕೆ ನೂಕುತ್ತದೆ. ಮೊದಲ ಸಲ ಎಂಜಿನ್ ವೇಗ ತೀರಾ ಕಡಿಮೆ ಇಟ್ಟು ಪಿಟಿಒ ಆಫ್ ಮಾಡಿಯೇ ಮೇಲಿನಿಂದ ಕೆಳಗಿನವರೆಗೆ ನಿಧಾನ ಎತ್ತಿ ಇಳಿಸಿ ನೋಡಿ. ಶಾಫ್ಟಿನ ಪ್ಲಾಸ್ಟಿಕ್ ಕವಚ ಮುರಿದಿದ್ದರೆ ಹೊಸದು ಹಾಕುವವರೆಗೆ ಕೆಲಸ ಬೇಡ. ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬಟ್ಟೆಯ ತುದಿ ಸಿಕ್ಕರೆ ಕೈ ಎಳೆದುಕೊಳ್ಳುವಷ್ಟು ಸಮಯ ಸಿಗುವುದಿಲ್ಲ.

ಮುಂದೆ ಕಟ್ಟುವಾಗ ಇನ್ನೊಂದು ವಿಷಯ. ಲೋಡರ್‌ಗೆ ಬಕೆಟ್ ಬದಲಿಸುವ ತಟ್ಟೆ ಇದ್ದರೆ, ಅದರ ಬೀಗದ ಪಿನ್ನುಗಳು ಕೆಳಗಿನ ತೂತಿನಿಂದ ಹೊರಗೆ ಚಾಚಿವೆಯಾ ಎಂದು ಇಳಿದು ನೋಡಿ. ಸೀಟಿನಲ್ಲಿ ಕೂತು ಸರಿಯಾಗಿದೆ ಎಂದುಕೊಂಡು ಎತ್ತಿದರೆ ಬಕೆಟ್ ಕಳಚಿ ಬೀಳಬಹುದು. ಆಮೇಲೆ ಬಕೆಟ್‌ನ ಅಂಚನ್ನು ನೆಲಕ್ಕೆ ಸ್ವಲ್ಪ ಒತ್ತಿ ನೋಡಿ. ಅಲುಗದಿದ್ದರೆ ಸರಿ.

ಈಗ ಉಪಕರಣವನ್ನು ಅರ್ಧ ಅಡಿ ಎತ್ತಿ ನಿಧಾನ ಒಂದು ಸುತ್ತು ಹಾಕಿ. ಸ್ಟೇರಿಂಗ್ ತೇಲುತ್ತಿದ್ದರೆ ಮುಂದೆ ತೂಕ ಬೇಕು. ಬ್ರೇಕ್ ಹಾಕಿದಾಗ ಹಿಂದಿನ ಟೈರು ಜಾರುತ್ತಿದ್ದರೆ ಹಿಂದೆ ಬೇಕು.

ಹಂತ 7: ಇಳಿಜಾರು ಇದ್ದರೆ ತೀರ್ಮಾನ ಮತ್ತೆ ನೋಡಿ

ಟ್ರ್ಯಾಕ್ಟರ್ ನಾಲ್ಕು ಕಾಲಿನ ಮೇಲೆ ನಿಂತಂತೆ ಕಾಣುತ್ತದೆ. ಆದರೆ ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಅತ್ತಿತ್ತ ಓಲಾಡುತ್ತದೆ. ಆಕ್ಸಲ್ ತನ್ನ ತಡೆಗೆ ತಾಗುವವರೆಗೆ ಟ್ರ್ಯಾಕ್ಟರ್ ನಿಂತಿರುವುದು ಮೂರೇ ಬಿಂದುಗಳ ಮೇಲೆ: ಹಿಂದಿನ ಎರಡು ಟೈರು, ಮುಂದಿನ ಆ ಪಿನ್ನು. ಈ ತ್ರಿಕೋನದ ಚೂಪು ತುದಿ ಮುಂದಿದೆ. ಬಕೆಟ್‌ನಲ್ಲಿ ಭಾರ ತುಂಬಿದರೆ ಇಡೀ ತೂಕದ ಕೇಂದ್ರ ಆ ಚೂಪು ತುದಿಯ ಕಡೆಗೆ ಸರಿಯುತ್ತದೆ. ಬಕೆಟ್ ಎತ್ತಿದರೆ ಕೇಂದ್ರ ಮೇಲಕ್ಕೂ ಏರುತ್ತದೆ. ಆಗ ಒಂದು ಹಿಂದಿನ ಚಕ್ರ ಸಣ್ಣ ಕಲ್ಲು ಹತ್ತಿದರೂ ಸಾಕು, ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚಬಹುದು. ಭಾರ ಹೊತ್ತು ಸಾಗುವಾಗ ಬಕೆಟ್ ನೆಲಕ್ಕೆ ಹತ್ತಿರವೇ ಇರಲಿ. ಎತ್ತುವುದು ಸುರಿಯುವ ಜಾಗದಲ್ಲಿ, ನಿಂತ ಮೇಲೆ.

ಇನ್ನೊಂದು ಅಪಾಯ ಇಳಿಯುವಾಗ. ಅನೇಕ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದೆ ಭಾರ ಇಟ್ಟು ಇಳಿಜಾರಿನಲ್ಲಿ ಇಳಿದರೆ ಹಿಂದಿನ ಚಕ್ರಗಳು ಹಗುರವಾಗಿ ಬ್ರೇಕೇ ಹಿಡಿಯುವುದಿಲ್ಲ. ನಾಲ್ಕು ಚಕ್ರದ ಓಟ ಹಾಕಿಕೊಂಡರೆ ಮುಂದಿನ ಚಕ್ರಗಳೂ ತಡೆಯುವ ಕೆಲಸದಲ್ಲಿ ಸೇರುತ್ತವೆ. ಆದ್ದರಿಂದ ಲೋಡರ್ ಕೆಲಸ ಇಳಿಜಾರಿನಲ್ಲಿದ್ದರೆ ಏರುವಾಗಲೂ ಇಳಿಯುವಾಗಲೂ ನಾಲ್ಕು ಚಕ್ರದ ಓಟದಲ್ಲೇ ಇರಿ, ಭಾರ ಯಾವಾಗಲೂ ಏರಿನ ಕಡೆಗಿರಲಿ. ಬಕೆಟ್ ತುಂಬಿದ್ದರೆ ಇಳಿಯುವುದು ರಿವರ್ಸ್‌ನಲ್ಲಿ.

ಟ್ರ್ಯಾಕ್ಟರ್ ಮಗುಚಿದಾಗ ಚಾಲಕನನ್ನು ಕಾಯುವ ಕಂಬಿಯನ್ನು ಮಡಚಿ ಇಡಬೇಡಿ. ಕಂಬಿ ಎತ್ತಿದ್ದರೆ ಸೀಟ್ ಬೆಲ್ಟ್ ಹಾಕಿ. ಎಳೆಯುವ ಕೆಲಸಕ್ಕೆ ಸರಪಣಿಯನ್ನು ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರ್‌ಗೆ ಮಾತ್ರ ಕಟ್ಟಿ. ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು, ಅದೂ ಚಾಲಕನಿಗೆ ಏನೂ ಮಾಡಲು ಬಿಡದಷ್ಟು ಬೇಗ.

ಹಂತ 8: ಯಾವುದನ್ನು ಮೊದಲು ಕೊಳ್ಳಬೇಕು

ಹೊಸಬರಿಗೆ ನಾನು ಹೇಳುವ ಕ್ರಮ ಇದು. ಮೊದಲು ಹಿಂದಿನ ಒಂದು ಮಣ್ಣಿನ ಉಪಕರಣ, ನಿಮ್ಮ ಕೆಲಸಕ್ಕೆ ಹೊಂದುವಂಥದ್ದು. ಆಮೇಲೆ ಲೋಡರ್, ಅದರ ಜೊತೆಗೇ ತೂಕದ ಪೆಟ್ಟಿಗೆ. ಪೆಟ್ಟಿಗೆ ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ಮುಂದಿನ ಹಿಚ್ ಮತ್ತು ಮುಂದಿನ ಪಿಟಿಒ ಕೊನೆಗೆ, ಅದೂ ಹುಲ್ಲು, ಹಿಮ, ಗುಡಿಸುವುದು ಇವುಗಳಲ್ಲಿ ಯಾವುದಾದರೂ ನಿಮ್ಮ ವರ್ಷದ ದೊಡ್ಡ ಕೆಲಸ ಆಗಿದ್ದರೆ ಮಾತ್ರ. ಲೋಡರೂ ಬೇಕು, ಮುಂದಿನ ಹಿಚ್ಚೂ ಬೇಕು ಎನ್ನುವವರು ಎರಡೂ ಒಂದೇ ಟ್ರ್ಯಾಕ್ಟರ್‌ಗೆ ಕೂರುತ್ತವೆಯಾ ಎಂದು ಮೊದಲೇ ಕೇಳಿ. ಕೆಲವು ಮಾದರಿಗಳಲ್ಲಿ ಎರಡಕ್ಕೂ ಒಂದೇ ಬೋಲ್ಟಿನ ಜಾಗ.

ಬಳಸಿದ ಲೋಡರ್ ಟ್ರ್ಯಾಕ್ಟರ್ ನೋಡಲು ಹೋದರೆ ಬಣ್ಣ ನೋಡುತ್ತಾ ನಿಲ್ಲಬೇಡಿ. ಬಕೆಟ್ ನೆಲಕ್ಕೆ ಒತ್ತಿ ಮುಂದಿನ ಚಕ್ರಗಳನ್ನು ಸ್ವಲ್ಪ ಎತ್ತಿಸಿ. ಆಕ್ಸಲ್‌ನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿಸಿದ ಮೇಲೆಯೇ ಹತ್ತಿರ ಹೋಗಿ. ಒಂದು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಆಮೇಲೆ ಆಕ್ಸಲ್‌ನ ನಡುವಿನ ಪಿನ್ನಿನ ಬಳಿ ಸಡಿಲು ಇದೆಯಾ ನೋಡಿ. ಚಕ್ರದ ಒಳಬದಿಯಲ್ಲಿ ಎಣ್ಣೆಯ ಜಿಡ್ಡು, ಲೋಡರ್ ಫ್ರೇಮ್ ಟ್ರ್ಯಾಕ್ಟರ್‌ಗೆ ಕೂತ ಬೋಲ್ಟುಗಳ ಸುತ್ತ ತುಕ್ಕಿನ ಪುಡಿ, ವೆಲ್ಡಿಂಗ್ ಹಾಕಿ ಬಣ್ಣ ಬಳಿದ ತೋಳು ಇವು ಕಂಡರೆ ಆ ಟ್ರ್ಯಾಕ್ಟರ್ ಹಿಂದೆ ತೂಕವಿಲ್ಲದೆ ದುಡಿದಿದೆ ಎಂಬ ಅನುಮಾನ ಇರಲಿ. ಮಾರುವವರ ಬಳಿ ತೂಕದ ಪೆಟ್ಟಿಗೆ ಇದೆಯಾ ಎಂದೂ ಕೇಳಿ ನೋಡಿ.